ದಾವೆಯ ಮೊದಲ ಹಂತಕ್ಕೆ ಸರಿದ ಭಾರ: ಬೈಲಹೊಂಗಲ ಉಪವಿಭಾಗದ ವಕೀಲಿ ವೃತ್ತಿ ಮತ್ತು ಇತ್ತೀಚಿನ ಕಾನೂನು

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ವಕೀಲರ ಬಳಿ ಬರುವ ವ್ಯಾಜ್ಯಗಳಲ್ಲಿ ಬಹುಪಾಲು ಹೊಲ, ಮನೆ, ವಾರಸಾ, ಕೈಗಡ, ಚೆಕ್ಕು ಮತ್ತು ಪೊಲೀಸ್ ಠಾಣೆಗೆ ಸಂಬಂಧಿಸಿದವು. 2020ರಿಂದ ಈಚೆಗೆ ಈ ಪ್ರತಿಯೊಂದು ಬಾಬಿನಲ್ಲೂ ಸುಪ್ರೀಂ ಕೋರ್ಟಿನ ತೀರ್ಪೋ ಶಾಸನದ ತಿದ್ದುಪಡಿಯೋ ಬಂದಿದೆ. ಒಂದೊಂದನ್ನೂ ಬೇರೆಯಾಗಿ ಓದಿದಾಗ ಕಾಣದ ಒಂದು ಸಾಮ್ಯ, ಒಟ್ಟಿಗೆ ಇಟ್ಟು ನೋಡಿದಾಗ ಸ್ಪಷ್ಟವಾಗುತ್ತದೆ. ಪ್ರಕರಣದ ಹಣೆಬರಹ ಕೊನೆಯ ವಾದದಲ್ಲಿ ತೀರ್ಮಾನವಾಗುವುದು ಕಡಿಮೆಯಾಗಿದೆ. ದಾವಾ ಅರ್ಜಿ, ಪ್ರಮಾಣಪತ್ರ, ಫಿರ್ಯಾದು ಬರೆಯುವ ಹಂತದಲ್ಲೇ ಅದು ಹೆಚ್ಚಾಗಿ ನಿಶ್ಚಯವಾಗುತ್ತಿದೆ. ತಾಲ್ಲೂಕು ಮಟ್ಟದ ವಕೀಲರ ಮೇಲೆ ಇದರಿಂದ ಬಿದ್ದಿರುವ ಹೊಣೆ ದೊಡ್ಡದು.

ವಾಟ್ನಿ, ಅಂದರೆ ಆಸ್ತಿ ವಿಭಾಗದ, ದಾವೆಗಳಿಂದ ಆರಂಭಿಸುವುದು ಯುಕ್ತ. ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಮಿಗೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಮಗಳನ್ನು ಮಗನಂತೆಯೇ ಜನ್ಮತಃ ಸಹದಾಯಾದಳನ್ನಾಗಿ ಮಾಡಿತು. ಕರ್ನಾಟಕ ಇದಕ್ಕೂ ಮೊದಲು, 1994ರ ಜುಲೈ 30ರಿಂದ ಜಾರಿಯಾದ ರಾಜ್ಯ ತಿದ್ದುಪಡಿಯಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಈ ಹಕ್ಕನ್ನು ಕೊಟ್ಟಿತ್ತು. 2005ಕ್ಕಿಂತ ಮುಂಚೆ ತಂದೆ ತೀರಿಹೋಗಿದ್ದರೆ ಏನು ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದದ್ದು ಇದೇ ಜಿಲ್ಲೆ. ಬೆಳಗಾವಿಯ ವಿಚಾರಣಾ ನ್ಯಾಯಾಲಯದಲ್ಲಿ 1992ರಲ್ಲಿ ಹೂಡಿದ ವಾಟ್ನಿ ದಾವೆಯೇ 2015ರ ಪ್ರಕಾಶ್ ವಿರುದ್ಧ ಫುಲಾವತಿ ತೀರ್ಪಾಗಿ ಬೆಳೆಯಿತು. ತಿದ್ದುಪಡಿಯ ದಿನ ತಂದೆಯೂ ಮಗಳೂ ಜೀವಂತವಿರಬೇಕು ಎಂದು ಆ ತೀರ್ಪು ಹೇಳಿತು. ಮೂರು ವರ್ಷದ ಬಳಿಕ, 2018ರಲ್ಲಿ, ಉತ್ತರ ಕರ್ನಾಟಕದ್ದೇ ಆದ ದಾನಮ್ಮ ಪ್ರಕರಣದಲ್ಲಿ 2001ರಲ್ಲಿ ತೀರಿಕೊಂಡ ತಂದೆಯ ಹೆಣ್ಣುಮಕ್ಕಳಿಗೂ ಪಾಲು ಸಿಕ್ಕಿತು. ಎರಡು ತೀರ್ಪುಗಳೂ ಇಬ್ಬರು ನ್ಯಾಯಮೂರ್ತಿಗಳ ಪೀಠದವು. ಕೆಳ ನ್ಯಾಯಾಲಯಗಳಲ್ಲಿ ವಾದಿ ಒಂದನ್ನು ತೋರಿಸಿದರೆ ಪ್ರತಿವಾದಿ ಇನ್ನೊಂದನ್ನು ತೋರಿಸುವ ಸ್ಥಿತಿ ಉಂಟಾಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರ ಪೀಠ ಈ ಗೊಂದಲ ಮುಗಿಸಿತು: ಹಕ್ಕು ಹುಟ್ಟಿನಿಂದ ಬರುವುದರಿಂದ 2005ರಲ್ಲಿ ತಂದೆ ಬದುಕಿರಬೇಕಾದ ಅಗತ್ಯವಿಲ್ಲ.

ಆದರೆ ಆ ತೀರ್ಪಿನಲ್ಲಿ ತಾಲ್ಲೂಕಿನ ವಕೀಲರಿಗೆ ಹೆಚ್ಚು ಕೆಲಸ ಕೊಟ್ಟ ಭಾಗ ಬೇರೆಯೇ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನಡೆದ ಪರಭಾರೆ ಮತ್ತು ವಿಭಾಗಗಳಿಗೆ ಕಾಯ್ದೆ ರಕ್ಷಣೆ ಕೊಡುತ್ತದೆ. ಆದರೆ ವಿಭಾಗ ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆಗಿರಬೇಕು. ಬಾಯಿಮಾತಿನ ವಾಟ್ನಿಯನ್ನು ಸಾರ್ವಜನಿಕ ದಾಖಲೆಗಳ ಆಧಾರವಿರುವ ಅಪರೂಪದ ಸಂದರ್ಭದಲ್ಲಿ ಮಾತ್ರ ಒಪ್ಪಬಹುದು ಎಂದು ಪೀಠ ಎಚ್ಚರಿಸಿತು. ಈ ಸೀಮೆಯ ಒಕ್ಕಲು ಮನೆತನಗಳಲ್ಲಿ ಹಿರಿಯರ ಸಮಕ್ಷಮ ಹೊಲ ಹಂಚಿಕೊಂಡು, ಗ್ರಾಮದ ಚಾವಡಿಗೆ ವರ್ದಿ ಕೊಟ್ಟು, ಉತಾರದಲ್ಲಿ ಹೆಸರು ಹಚ್ಚಿಸಿಕೊಳ್ಳುವುದು ಬಹುಕಾಲದ ರೂಢಿ. ಹೀಗಾಗಿ ವರ್ದಿಯ ತಾರೀಖು, ಅದರ ಮೇಲಿನ ಸಹಿಗಳು, ಆನಂತರದ ಪ್ರತ್ಯೇಕ ಅನುಭೋಗ ಇವೆಲ್ಲ ಈಗ ಪ್ರತಿವಾದದ ಜೀವಾಳ. ಇವನ್ನು ಕೈಫಿಯತ್ತು ಸಲ್ಲಿಸುವ ಮುನ್ನ ಕಲೆಹಾಕದ ವಕೀಲ ಸಾಕ್ಷಿಯ ಹಂತದಲ್ಲಿ ಏನೂ ಮಾಡಲಾರ. ರಾಮದುರ್ಗ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ವಿಲೀನವಾಗುವ ತನಕ ಸಂಸ್ಥಾನವಾಗಿತ್ತು. ಅಲ್ಲಿನ ಹಳೆಯ ಮಾಲೀಕತ್ವದ ಜಾಡು ಹಿಡಿಯಲು ಸಂಸ್ಥಾನ ಕಾಲದ ಕಾಗದಗಳ ತನಕ ಹೋಗಬೇಕಾಗುತ್ತದೆ. ವಾರಸಾ ಪ್ರಶ್ನೆ ಈ ನೆಲಕ್ಕೆ ಹೊಸದೂ ಅಲ್ಲ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಈಸ್ಟ್ ಇಂಡಿಯಾ ಕಂಪನಿ ಮಾನ್ಯ ಮಾಡದೆ ಹೋದದ್ದೇ ರಾಣಿ ಚನ್ನಮ್ಮ ಯುದ್ಧಕ್ಕೆ ನಿಲ್ಲಲು ಕಾರಣವಾಯಿತು.

ವಾಟ್ನಿ ದಾವೆಯಲ್ಲಿ ಪ್ರಾಥಮಿಕ ಡಿಕ್ರಿ ಸಿಕ್ಕ ಮೇಲೆ ವರ್ಷಗಟ್ಟಲೆ ಪಾಲು ಕೈಗೆ ಬಾರದೆ ಉಳಿಯುವ ಕಷ್ಟಕ್ಕೆ 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಪರಿಹಾರ ಸೂಚಿಸಿತು. ಅಂತಿಮ ಡಿಕ್ರಿಗಾಗಿ ಬೇರೆ ಅರ್ಜಿ ಕಾಯದೆ, ವಿಚಾರಣಾ ನ್ಯಾಯಾಲಯವೇ ಅದೇ ದಾವೆಯಲ್ಲಿ ಮುಂದಿನ ಕ್ರಮಕ್ಕೆ ದಿನ ಗೊತ್ತುಪಡಿಸಬೇಕು ಎಂಬುದು ಅದರ ನಿರ್ದೇಶನ. ಅತ್ಯಂತ ಜನೋಪಯೋಗಿಯಾದ ತೀರ್ಪುಗಳಲ್ಲಿ ಇದೊಂದು.

ಕಂದಾಯ ನ್ಯಾಯಾಲಯದ ವಕೀಲಿಕೆಯೂ ಬದಲಾಗಿದೆ. ತಹಶೀಲ್ದಾರರ ಹಕ್ಕು ಬದಲಾವಣೆ ಆದೇಶದ ಮೇಲೆ ಭೂಕಂದಾಯ ಕಾಯ್ದೆಯ 136(2)ನೇ ಕಲಮಿನ ಮೇಲ್ಮನವಿ ಉಪವಿಭಾಗಾಧಿಕಾರಿಯ ಮುಂದೆ ಬರುತ್ತದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯಾದಾಗ ಅದನ್ನು ಮರಳಿ ಕೊಡಿಸುವ 1978ರ ಪಿಟಿಸಿಎಲ್ ಕಾಯ್ದೆಯ ಅರ್ಜಿಗಳೂ ಅಲ್ಲಿಗೇ ಸಲ್ಲುತ್ತವೆ. ಇಂಥ ಅರ್ಜಿ ಯುಕ್ತ ಕಾಲದೊಳಗೆ ಬರಬೇಕು ಎಂದು 2017ರ ನೆಕ್ಕಂಟಿ ರಾಮಲಕ್ಷ್ಮಿ ತೀರ್ಪು ಹೇಳಿದ್ದರಿಂದ ಅನೇಕ ಕುಟುಂಬಗಳ ಅರ್ಜಿಗಳು ಬಿದ್ದುಹೋದವು. ಅದನ್ನು ಸರಿಪಡಿಸಲು ರಾಜ್ಯ ಶಾಸಕಾಂಗ 2023ರಲ್ಲಿ ತಿದ್ದುಪಡಿ ತಂದು, ಕಾಲಮಿತಿ ಅನ್ವಯಿಸದು ಎಂದು ಬರೆಯಿತು. ಆದರೆ 2024ರ ಜುಲೈನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠವು ಕಾಲಮಿತಿ ಬೇರೆ, ಅಕ್ಷಮ್ಯ ವಿಳಂಬ ಬೇರೆ ಎಂದು ವಿಂಗಡಿಸಿ, ತಿದ್ದುಪಡಿಯ ಬಳಿಕವೂ ವಿಳಂಬವನ್ನು ಪರಿಗಣಿಸಬಹುದು ಎಂದಿತು. ಭೂಮಿ ಕಳೆದುಕೊಂಡವರಿಗೆ ಶಾಸಕಾಂಗ ತೆರೆದ ಬಾಗಿಲು ಇದರಿಂದ ಅರ್ಧ ಮುಚ್ಚಿದಂತಾಗಿದೆ ಎಂಬ ಆಕ್ಷೇಪಕ್ಕೆ ತೂಕವಿದೆ. ಸದ್ಯಕ್ಕೆ ಅರ್ಜಿದಾರರ ಪರ ವಕೀಲರು ತಡವೇಕಾಯಿತು ಎಂಬುದನ್ನು ಮೊದಲ ಅರ್ಜಿಯಲ್ಲೇ ವಿವರಿಸುವುದು ಅನಿವಾರ್ಯ.

ಸವದತ್ತಿಗೆ ಹತ್ತಿರದ ವಿಷಯ ದೇವದಾಸಿ ಮಹಿಳೆಯರ ಮಕ್ಕಳ ಹಕ್ಕು. ಯಲ್ಲಮ್ಮನ ಗುಡ್ಡದ ಈ ಪ್ರದೇಶ ಮುಂಬಯಿ ಪ್ರಾಂತದಲ್ಲಿದ್ದಾಗ 1934ರ ದೇವದಾಸಿ ರಕ್ಷಣಾ ಕಾಯ್ದೆಗೆ ಒಳಪಟ್ಟಿತ್ತು. ಬಳಿಕ ಕರ್ನಾಟಕದ 1982ರ ನಿಷೇಧ ಕಾಯ್ದೆ ಬಂತು. ಹೆಣ್ಣನ್ನು ದೇವರಿಗೆ ಅರ್ಪಿಸಿ ಮುತ್ತು ಕಟ್ಟುವುದನ್ನು ಅವು ಅಪರಾಧವೆಂದವು, ಆ ಹೆಣ್ಣಿನ ಮದುವೆ ಸಿಂಧು ಎಂದವು. ಮದುವೆಯೇ ಆಗದೆ ಹುಟ್ಟಿದ ಮಗುವಿಗೆ ತಂದೆಯ ಆಸ್ತಿಯಲ್ಲಿ ಏನು ಎಂಬುದಕ್ಕೆ ಉತ್ತರವಿರಲಿಲ್ಲ. 2023ರ ಸೆಪ್ಟೆಂಬರ್ 1ರ ರೇವಣಸಿದ್ದಪ್ಪ ತೀರ್ಪು ಅಸಿಂಧು ವಿವಾಹದ ಮಕ್ಕಳಿಗೆ, ಅವಿಭಕ್ತ ಕುಟುಂಬದಲ್ಲಿ ತಂದೆತಾಯಿಗೆ ಬರಬಹುದಾದ ಪಾಲಿನೊಳಗೆ ಹಕ್ಕು ಕೊಟ್ಟಿತು. ವಿವಾಹದ ಯಾವ ವಿಧಿಯೂ ನಡೆಯದ ಕಡೆ ಅದೂ ನೆರವಾಗದು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆ ಈ ಕೊರತೆಯನ್ನು ನೇರವಾಗಿ ಮುಟ್ಟಿತು: ಮಕ್ಕಳಿಗೆ ಪಿತೃತ್ವ ಗುರುತಿಸಿಕೊಳ್ಳುವ ಹಕ್ಕು, ಉತ್ತರಾಧಿಕಾರದ ಹಕ್ಕು, ಮತ್ತು ದಾಖಲೆಗಳಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ಒತ್ತಾಯದಿಂದ ಬಿಡುಗಡೆ. ಸಾಮಾಜಿಕ ಒತ್ತಡದಲ್ಲಿ ಬದುಕಿದ ತಾಯಂದಿರ ಪರವಾಗಿ ಇಂಥ ಕೋರಿಕೆ ನಡೆಸಲು ಉಚಿತ ಕಾನೂನು ನೆರವಿನ ವಕೀಲರು ಮುಂದೆ ಬರದಿದ್ದರೆ ಈ ಹಕ್ಕು ಕಾಗದದಲ್ಲೇ ಉಳಿದೀತು.

ಕ್ರಿಮಿನಲ್ ವಕೀಲಿಕೆಯ ತಳಹದಿಯೇ 2024ರ ಜುಲೈ 1ರಂದು ಬದಲಾಯಿತು. ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಅಂದಿನಿಂದ ಜಾರಿಯಲ್ಲಿವೆ. ಹಿಂದೆ ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುವುದರಿಂದ ಎರಡೂ ಪುಸ್ತಕ ಮೇಜಿನ ಮೇಲಿರಬೇಕು. ಶೋಧನೆ ಮತ್ತು ಜಪ್ತಿಯ ಚಿತ್ರೀಕರಣವನ್ನು ಸುರಕ್ಷಾ ಸಂಹಿತೆಯ 105ನೇ ಕಲಮು ಕಡ್ಡಾಯ ಮಾಡಿದೆ. ಪಂಚನಾಮೆಯನ್ನು ಪಾಟೀಸವಾಲಿನಲ್ಲಿ ಅಲುಗಾಡಿಸುವ ಹಳೆಯ ವಿಧಾನದ ಜೊತೆಗೆ ಆ ಚಿತ್ರೀಕರಣದ ಪ್ರತಿಯನ್ನು ಬೇಗನೆ ಕೇಳಿ ಪಡೆಯುವುದು ಆರೋಪಿ ಪರ ವಕೀಲರ ಹೊಸ ಕರ್ತವ್ಯ. ವಿದ್ಯುನ್ಮಾನ ಸಾಕ್ಷ್ಯಕ್ಕೆ ಪ್ರಮಾಣಪತ್ರ ಕಡ್ಡಾಯ ಎಂದು 2020ರ ಅರ್ಜುನ್ ಪಂಡಿತರಾವ್ ತೀರ್ಪು ಸ್ಪಷ್ಟಪಡಿಸಿತ್ತು. ಸಾಕ್ಷ್ಯ ಅಧಿನಿಯಮದ 63ನೇ ಕಲಮು ಆ ಪ್ರಮಾಣಪತ್ರವನ್ನು ಎರಡು ಭಾಗ ಮಾಡಿ, ಒಂದಕ್ಕೆ ಪಕ್ಷಗಾರನ, ಇನ್ನೊಂದಕ್ಕೆ ತಜ್ಞನ ಸಹಿ ಬೇಡುತ್ತದೆ. ಕಡತದ ಹ್ಯಾಶ್ ಸಂಖ್ಯೆಯನ್ನೂ ನಮೂದಿಸಬೇಕು. ವಾಟ್ಸ್‌ಆ್ಯಪ್ ಸಂದೇಶವೊಂದನ್ನು ಆಧರಿಸಿದ ಬಡ ಪಕ್ಷಗಾರ ಸವದತ್ತಿಯಲ್ಲೋ ರಾಮದುರ್ಗದಲ್ಲೋ ಅಂಥ ತಜ್ಞನನ್ನು ಹುಡುಕುವುದು ಸುಲಭವಲ್ಲ; ಕಾನೂನು ರೂಪಿಸಿದವರು ಇದನ್ನು ಯೋಚಿಸಿದಂತೆ ತೋರುವುದಿಲ್ಲ.

ಖಾಸಗಿ ಫಿರ್ಯಾದಿನಲ್ಲಿ ನ್ಯಾಯಾಲಯ ಅಪರಾಧವನ್ನು ಪರಿಗಣನೆಗೆ ತೆಗೆದುಕೊಳ್ಳುವ ಮುನ್ನ ಆರೋಪಿಯನ್ನು ಆಲಿಸಬೇಕೆಂದು ಸುರಕ್ಷಾ ಸಂಹಿತೆಯ 223ನೇ ಕಲಮು ಹೇಳುತ್ತದೆ. ನೋಟಿಸು ಯಾವಾಗ ಎಂಬ ಗೊಂದಲಕ್ಕೆ ಕರ್ನಾಟಕ ಹೈಕೋರ್ಟ್ 2024ರ ಸೆಪ್ಟೆಂಬರ್ 27ರಂದು, ಬಸನಗೌಡ ಯತ್ನಾಳ ಅವರ ಅರ್ಜಿಯಲ್ಲಿ, ಉತ್ತರ ಕೊಟ್ಟಿತು: ಫಿರ್ಯಾದಿ ಮತ್ತು ಸಾಕ್ಷಿಗಳ ಪ್ರಮಾಣ ಹೇಳಿಕೆ ಮೊದಲು, ನೋಟಿಸು ಅನಂತರ. ಚೆಕ್ಕು ಪ್ರಕರಣಗಳಿಗೆ ಈ ಮುಂಗಡ ವಿಚಾರಣೆ ಬೇಕಿಲ್ಲ ಎಂಬ ಹೈಕೋರ್ಟಿನ ನಿಲುವನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 25ರ ಸಂಜಬಿಜ್ ತಾರಿ ತೀರ್ಪಿನಲ್ಲಿ ಒಪ್ಪಿತು. ಪತ್ತಿನ ಸಹಕಾರಿ ಸಂಘಗಳ ಚೆಕ್ಕು ಪ್ರಕರಣಗಳೂ ಇದರಿಂದ ತ್ವರಿತಗೊಳ್ಳಬೇಕು. ರಾಜಿಯ ವೆಚ್ಚವೂ ಇಳಿದಿದೆ. ಪ್ರತಿವಾದ ಸಾಕ್ಷ್ಯಕ್ಕೆ ಮೊದಲು ಚೆಕ್ಕಿನ ಹಣ ಕಟ್ಟಿದರೆ ವೆಚ್ಚವಿಲ್ಲ. ಅನಂತರ, ತೀರ್ಪಿಗೆ ಮುನ್ನ, ಶೇ 5. ಸೆಷನ್ಸ್ ಅಥವಾ ಹೈಕೋರ್ಟಿನಲ್ಲಿ ಶೇ 7.5, ಸುಪ್ರೀಂ ಕೋರ್ಟಿನಲ್ಲಿ ಶೇ 10.

ವಕೀಲರ ಸ್ವಂತ ಸ್ಥಾನಮಾನದ ಬಗೆಗೂ ಈ ಅವಧಿಯಲ್ಲಿ ಹಲವು ನಿರ್ಣಯಗಳಾದವು. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಒಳಪಡದು ಎಂದು 2024ರ ಮೇ 14ರಂದು ಸುಪ್ರೀಂ ಕೋರ್ಟಿನಲ್ಲಿ ತೀರ್ಪಾಯಿತು. ಸನ್ನದು ನೋಂದಣಿಗೆ ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟರಿಂದ 125 ರೂಪಾಯಿ ಮೀರಿ ವಸೂಲು ಮಾಡಬಾರದೆಂದು ಅದೇ ವರ್ಷ ಜುಲೈ 30ರ ಗೌರವ್ ಕುಮಾರ್ ತೀರ್ಪು ಹೇಳಿತು. ಹಳ್ಳಿಯ ಬಡ ಪದವೀಧರರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ 2023ರ ಡಿಸೆಂಬರ್ ಅಧಿವೇಶನದಲ್ಲಿ ಅಂಗೀಕಾರವಾದ ವಕೀಲರ ಮೇಲಿನ ಹಿಂಸಾಚಾರ ನಿಷೇಧ ಕಾಯ್ದೆ, ವಕೀಲರ ಬಂಧನವಾದರೆ 24 ಗಂಟೆಯೊಳಗೆ ವಕೀಲರ ಸಂಘಕ್ಕೆ ತಿಳಿಸುವ ಹೊಣೆಯನ್ನು ಪೊಲೀಸರ ಮೇಲೆ ಹೊರಿಸಿತು.

ಸುಪ್ರೀಂ ಕೋರ್ಟಿನ 2025ರ ಮೇ 20ರ ತೀರ್ಪು ಕಿರಿಯ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿಕೆಯನ್ನು ಮರಳಿ ಕಡ್ಡಾಯಗೊಳಿಸಿತು. ಉತಾರ ಓದಲು, ವರ್ದಿ ಗುರುತಿಸಲು ಬಲ್ಲ ನ್ಯಾಯಾಧೀಶರು ತಾಲ್ಲೂಕು ನ್ಯಾಯಾಲಯಗಳಿಗೆ ಬೇಕು. ಈ ದೃಷ್ಟಿಯಿಂದ ತೀರ್ಪು ಸರಿಯಾದದ್ದು. ಆದರೆ ಆ ಮೂರು ವರ್ಷ ಕಿರಿಯರು ಜೀವನ ಸಾಗಿಸುವ ಬಗೆಯನ್ನು ವೃತ್ತಿಯ ಹಿರಿಯರೇ ಯೋಚಿಸಬೇಕು. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಗ್ರಾಮೀಣ ಭಾಗದ ಕಿರಿಯ ವಕೀಲರಿಗೆ ತಿಂಗಳಿಗೆ ಕನಿಷ್ಠ 15,000 ರೂಪಾಯಿ ಶಿಷ್ಯವೇತನ ಸೂಚಿಸಿತು. ಅದು ಶಿಫಾರಸು ಮಾತ್ರ; ಪಾಲಿಸಲೇಬೇಕೆಂಬ ನಿಯಮವಿಲ್ಲ.