ಟೂರ್ ಮಾಡುವ ಬ್ಯಾಂಡ್ ನಮ್ಮ ಏರಿಯಾಗೆ ಬಂದಾಗ: ಹೊಸ ಹಾಡು ಮೊದಲು ಕೇಳೋದು ಸೌಂಡ್‌ನವರೇ

ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಕಡೆ ಅಣ್ಣಮ್ಮನ ಉತ್ಸವ, ಗಣೇಶನ ಹಬ್ಬ, ನವೆಂಬರ್ ತಿಂಗಳ ರಾಜ್ಯೋತ್ಸವ ಅಂದ್ರೆ ಆರ್ಕೆಸ್ಟ್ರಾ ಇರಲೇಬೇಕು. ಇದರ ಜೊತೆಗೆ ಕಾಲೇಜು ಫೆಸ್ಟ್, ಅಪಾರ್ಟ್‌ಮೆಂಟ್ ಕಾರ್ಯಕ್ರಮ, ಮಾಲ್‌ಗಳಲ್ಲಿ ಸ್ವಂತ ಹಾಡು ಹಾಡುವ ಬ್ಯಾಂಡ್‌ಗಳೂ ಬರುತ್ತವೆ. ಇವರ ಹೆಸರು ಹೆಚ್ಚಿನ ಜನಕ್ಕೆ ಗೊತ್ತಿರಲ್ಲ. ಸಂಜೆ ಜನ ಸೇರುವ ಮೊದಲೇ, ಖಾಲಿ ಕುರ್ಚಿಗಳ ನಡುವೆ ಅವರ ಹಾಡು ಕೇಳುವವರು ಮಿಕ್ಸರ್ ಮುಂದೆ ನಿಂತ ಸೌಂಡ್ ಸರ್ವಿಸ್‌ನವರು. ಸೌಂಡ್ ಕೆಟ್ಟರೆ ಜನ ಬೈಯೋದು ಬ್ಯಾಂಡನ್ನೇ. ಆ ಬ್ಯಾಂಡನ್ನು ಮತ್ತೆ ಕರೀತಾರಾ ಇಲ್ವಾ ಅನ್ನೋದು ಎಷ್ಟೋ ಸಲ ಆ ಒಂದೂವರೆ ಗಂಟೆಯ ಮೇಲೆ ನಿಂತಿರುತ್ತೆ.

ಇಂಡಿ ಬ್ಯಾಂಡ್ ಅಂದ್ರೆ ಏನು?

ದೊಡ್ಡ ಆಡಿಯೋ ಕಂಪನಿ ಅಥವಾ ಸಿನಿಮಾದ ಆಸರೆ ಇಲ್ಲದೆ, ತಾವೇ ಹಾಡು ಕಟ್ಟಿ, ತಾವೇ ಖರ್ಚು ಹಾಕಿ ಊರೂರು ತಿರುಗುವ ತಂಡ. ಆರ್ಕೆಸ್ಟ್ರಾದಲ್ಲಿ ಹಾಡು ಜನಕ್ಕೆ ಮೊದಲೇ ಬಾಯಿಪಾಠ, ಪದ ಸರಿಯಾಗಿ ಕೇಳಿಸದಿದ್ದರೂ ನಡೆಯುತ್ತೆ. ಇಲ್ಲಿ ಹಾಗಲ್ಲ. ಪದ ಕೇಳಿಸದಿದ್ದರೆ ಹಾಡೇ ಇಲ್ಲ.

ಬೆಂಗಳೂರಿನ ಉದಾಹರಣೆಗಳು

ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಲ್ಲಿ ಶುರುವಾದ ಬೆಂಗಳೂರಿನ ಬ್ಯಾಂಡ್. ಸ್ವರಾತ್ಮ ತಂಡ ಜಾನಪದಕ್ಕೆ ರಾಕ್ ಬೆರೆಸಿ ಕನ್ನಡ, ಹಿಂದಿ ಎರಡರಲ್ಲೂ ಹಾಡುತ್ತೆ. ಇವರ ಮೊದಲ ಆಲ್ಬಂ 2009ರಲ್ಲಿ, ಎರಡನೆಯದು 'ಟೋಪಿವಾಲೆ' 2012ರಲ್ಲಿ ಬಂತು.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಕಥೆ ಇನ್ನೂ ಚೆನ್ನಾಗಿ ಪಾಠ ಹೇಳುತ್ತೆ. ಶಿಶುನಾಳ ಷರೀಫರ ಪದಗಳನ್ನು ಗಿಟಾರ್ ಜೊತೆ ಹಾಡುತ್ತಿದ್ದ ಅವರನ್ನು ಆಡಿಯೋ ಕಂಪನಿಗಳು ವರ್ಷಗಟ್ಟಲೆ ವಾಪಸ್ ಕಳಿಸಿದ್ದವು. ಮುಂಬೈನ ಒಂದು ಶೋನಲ್ಲಿ ಅವರನ್ನು ಕೇಳಿದ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ತಮ್ಮದೇ ಲೇಬಲ್‌ನಿಂದ 2008ರಲ್ಲಿ ಆಲ್ಬಂ ತಂದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ. ಬಾಗಿಲು ತೆರೆದದ್ದು ಕಂಪನಿ ಆಫೀಸಿನಲ್ಲಿ ಅಲ್ಲ, ಲೈವ್ ಶೋನಲ್ಲಿ. ಅವತ್ತು ಮೈಕ್ ಕೂಗಾಡಿದ್ದರೆ?

ಆರ್ಕೆಸ್ಟ್ರಾಗೂ ಬ್ಯಾಂಡ್‌ಗೂ ವ್ಯತ್ಯಾಸ

ಕೀಬೋರ್ಡ್, ರಿದಂ ಪ್ಯಾಡ್, ತಬಲಾ, ಮೂರ್ನಾಲ್ಕು ಮೈಕ್ ಇರುವ ಆರ್ಕೆಸ್ಟ್ರಾ 8-12 ಚಾನೆಲ್‌ನಲ್ಲಿ ಮುಗಿಯಬಹುದು. ಬ್ಯಾಂಡ್‌ನಲ್ಲಿ ಡ್ರಮ್ಸ್ ಒಂದಕ್ಕೇ 4ರಿಂದ 8 ಮೈಕ್ ಬೇಕು. ಬಾಸ್, ಪಿಟೀಲು, ಅಕೌಸ್ಟಿಕ್ ಗಿಟಾರ್‌ಗೆ ಡಿಐ ಬಾಕ್ಸ್, ಎಲೆಕ್ಟ್ರಿಕ್ ಗಿಟಾರ್ ಆಂಪ್‌ಗೆ ಮೈಕ್, ಹಾಡುವವರಿಗೆ ಮೂರು ಮೈಕ್ ಅಂದ್ರೆ 11ರಿಂದ 15 ಚಾನೆಲ್ ಆಗುತ್ತೆ. ಟೂರ್ ಮಾಡುವ ತಂಡಗಳ ಹತ್ತಿರ ಇನ್‌ಪುಟ್ ಲಿಸ್ಟ್, ಯಾರು ಎಲ್ಲಿ ನಿಲ್ತಾರೆ ಅನ್ನೋ ಸ್ಟೇಜ್ ಪ್ಲಾಟ್ ಇರುತ್ತೆ. ಶೋಗೆ ವಾರ ಮೊದಲೇ ಕೇಳಿ ತರಿಸಿಕೊಂಡರೆ ಅರ್ಧ ಜಗಳ ಅಲ್ಲೇ ಮುಗೀತು.

ಸೌಂಡ್ ಚೆಕ್‌ನಲ್ಲೇ ಬ್ಯಾಂಡ್ ಗೊತ್ತಾಗುತ್ತೆ

ಸಾಮಾನ್ಯವಾಗಿ ಮೊದಲು ಡ್ರಮ್ಸ್, ಆಮೇಲೆ ಬಾಸ್, ಗಿಟಾರ್, ಕೀಬೋರ್ಡ್, ಕೊನೆಗೆ ಗಾಯನ. ಒಬ್ಬರ ಚೆಕ್ ನಡೆಯುವಾಗ ಉಳಿದವರು ಸುಮ್ಮನಿದ್ದರೆ ತಂಡ ಪಳಗಿದೆ ಅಂತ ಅರ್ಥ. "ಅಣ್ಣಾ, ಮಾನಿಟರ್‌ನಲ್ಲಿ ನನ್ನ ವಾಯ್ಸ್ ಸ್ವಲ್ಪ ಕೊಡಿ" ಅಂತ ಎಲ್ಲರೂ ಕೇಳ್ತಾರೆ. "ಗಿಟಾರ್ ಸ್ವಲ್ಪ ಕಮ್ಮಿ ಮಾಡಿ, ಹಾಡು ಕೇಳಿಸಲಿ" ಅನ್ನುವವರು ಕಡಿಮೆ. ಅಂಥವರು ಸಿಕ್ಕರೆ ಹೆಸರು ಬರೆದಿಟ್ಟುಕೊಳ್ಳಬೇಕು.

ಫೀಡ್‌ಬ್ಯಾಕ್, ಅಂದ್ರೆ ಆ ಕೀಂ ಅನ್ನುವ ಕೂಗು, ಸ್ಪೀಕರ್ ಶಬ್ದ ಮತ್ತೆ ಮೈಕ್‌ಗೇ ನುಗ್ಗಿ ಸುತ್ತು ಹಾಕುವುದರಿಂದ ಬರುತ್ತೆ. ಮೇನ್ ಸ್ಪೀಕರ್ ಮೈಕ್‌ಗಿಂತ ಮುಂದೆ, ಜನರ ಕಡೆ ಇರಲಿ. ಕಾರ್ಡಿಯಾಯ್ಡ್ ಮೈಕ್ ಆದರೆ ಮಾನಿಟರ್ ಅದರ ಬೆನ್ನ ಕಡೆ ಇರಲಿ. ಹಾಡು ಕೇಳಿಸದಾಗ ಗಾಯನ ಏರಿಸುವ ಮೊದಲು ಬೇರೆಯದನ್ನು ಇಳಿಸಿ ನೋಡುವುದು ಒಳ್ಳೆಯದು.

ಅರ್ಥಿಂಗ್ ವಿಷಯ ತಮಾಷೆ ಅಲ್ಲ

ಲೈಟ್ ಕಂಬದಿಂದ ಎಳೆದ ವೈರು, ಅರ್ಥಿಂಗ್ ಇಲ್ಲದ ಜನರೇಟರ್, ಮಳೆಗೆ ನೆಂದ ಶಾಮಿಯಾನ: ಮೂರೂ ಸೇರಿದರೆ ಜೀವಕ್ಕೇ ಅಪಾಯ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರ್ ವಾದಕ ಲೆಸ್ ಹಾರ್ವಿ, ಸರಿಯಾಗಿ ಅರ್ಥ್ ಆಗದ ಮೈಕ್ ಮುಟ್ಟಿ ವೇದಿಕೆಯಲ್ಲೇ ಸತ್ತರು. ಒಂದು ಕೈ ಗಿಟಾರ್ ತಂತಿ ಮೇಲೆ, ತುಟಿ ಮೈಕ್ ಮೇಲೆ ಇರುವ ಕಲಾವಿದರ ದೇಹವೇ ಕರೆಂಟಿಗೆ ದಾರಿ ಆಗುತ್ತೆ. ಸ್ಪೀಕರ್‌ನಲ್ಲಿ "ಹಮ್" ಬರುತ್ತಿದೆ ಅಂತ ಪ್ಲಗ್‌ನ ಮೂರನೇ ಪಿನ್ ಕಿತ್ತು ಹಾಕುವ ಅಭ್ಯಾಸ ಬಿಡಲೇಬೇಕು. ಹಮ್ ಹೋಗಲು ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ.

ರಾತ್ರಿ 10ರ ನಿಯಮ

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಮುಚ್ಚಿದ ಸಭಾಂಗಣ ಬಿಟ್ಟರೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ 12ರವರೆಗೆ ವಿನಾಯಿತಿ ಕೊಡಬಹುದು. ಹಗಲಿನ ಮಿತಿ ವಸತಿ ಪ್ರದೇಶಕ್ಕೆ 55 ಡೆಸಿಬೆಲ್, ವಾಣಿಜ್ಯ ಪ್ರದೇಶಕ್ಕೆ 65. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಆಗಬಹುದು, ಅಲ್ಲಿ ಹಗಲಿನ ಮಿತಿ 50.

ಭಾಷಣ, ಸನ್ಮಾನ ಉದ್ದ ಆದ್ರೆ ಕತ್ತರಿ ಬೀಳೋದು ಕೊನೆಗೆ ಬರುವ ಬ್ಯಾಂಡ್‌ಗೆ. ಹಾಗಾಗಿ ತಂಡವನ್ನು 7.30ಕ್ಕೇ ವೇದಿಕೆ ಹತ್ತಿಸುವುದು ಎಲ್ಲರಿಗೂ ಕ್ಷೇಮ.

ಸಂಘದವರು, ಅಂಗಡಿಯವರು ನೆನಪಿಡಬೇಕಾದ್ದು

• ಸಂಭಾವನೆ, ಊಟ, ಪ್ರಯಾಣ ಖರ್ಚು ಮೊದಲೇ ಬರಹದಲ್ಲಿ ಒಪ್ಪಿಕೊಳ್ಳಿ. "ಪಬ್ಲಿಸಿಟಿ ಸಿಗುತ್ತೆ" ಅನ್ನೋದು ಡೀಸೆಲ್‌ಗೆ ಆಗಲ್ಲ.
• ಸೌಂಡ್ ಚೆಕ್‌ಗೆ ಕನಿಷ್ಠ ಒಂದು ಗಂಟೆ ಬಿಡಿ.
• ಸ್ಪೀಕರ್ ಮುಖ ಮನೆಗಳ ಕಡೆ ಬೇಡ, ಮೈದಾನದ ಕಡೆ ಇರಲಿ.
• ಬ್ಯಾನರ್‌ನಲ್ಲಿ ಪ್ರಾಯೋಜಕರ ಹೆಸರಿನಷ್ಟೇ ದೊಡ್ಡದಾಗಿ ಬ್ಯಾಂಡ್ ಹೆಸರೂ ಇರಲಿ.
• ಮುಂದಿನ ಸಲ ಯಾರನ್ನು ಕರೆಸೋದು ಅನ್ನೋ ಚರ್ಚೆ ಬಂದರೆ ಸೌಂಡ್‌ನವರನ್ನೂ ಒಂದು ಮಾತು ಕೇಳಿ. ವರ್ಷಕ್ಕೆ ಅವರಷ್ಟು ತಂಡಗಳನ್ನು ಪೂರ್ತಿ ಕೂತು ಕೇಳಿದವರು ಏರಿಯಾದಲ್ಲಿ ಇನ್ನೊಬ್ಬರು ಸಿಗೋದು ಕಷ್ಟ.