ಮತಪತ್ರದಲ್ಲಿ ಅಚ್ಚಾಗದ ಪ್ರಶ್ನೆ: ಚಿಕ್ಕಬಳ್ಳಾಪುರ ಸೀಮೆಯ ನೀರು ಮತ್ತು ನೇರ ಜನಮತ

2014ರ ಮಾರ್ಚ್‌ನಲ್ಲಿ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಚಿಕ್ಕಬಳ್ಳಾಪುರದಲ್ಲಿ, ನೇತ್ರಾವತಿಗೆ ಸೇರುವ ಪಶ್ಚಿಮ ಘಟ್ಟದ ಹಳ್ಳಗಳ ನೀರನ್ನು ಈ ಒಣ ಸೀಮೆಗೆ ತರುವ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. ಅದೇ ವರ್ಷ ನವೆಂಬರ್ 4ರಂದು, ಬರದಿಂದ ಬಸವಳಿದಿದ್ದ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮತದಾರರ ಮುಂದೆ ಒಂದು ನೇರ ಪ್ರಶ್ನೆ ಬಂತು: ನೀರಿನ ಕಾಮಗಾರಿಗಳಿಗಾಗಿ ರಾಜ್ಯವು ಸುಮಾರು 750 ಕೋಟಿ ಡಾಲರ್‌ಗಳ ಸಾಲಪತ್ರ ಹೊರಡಿಸಬಹುದೇ? 'ಪ್ರೊಪೊಸಿಷನ್ 1' ಎಂಬ ಈ ಪ್ರಶ್ನೆಗೆ ಶೇ. 67ರಷ್ಟು ಮಂದಿ ಹೌದೆಂದರು. ಎತ್ತಿನಹೊಳೆಯ ಅಂದಾಜು ವೆಚ್ಚ ಆಗ 12,912 ಕೋಟಿ ರೂಪಾಯಿ. ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಯ ಮತದಾರರು ಆ ಮೊತ್ತದ ಬಗ್ಗೆ ಮುದ್ರೆ ಒತ್ತುವಂತಿರಲಿಲ್ಲ. ಒತ್ತಲು ನಮ್ಮ ಕಾನೂನಿನಲ್ಲಿ ಜಾಗವೂ ಇಲ್ಲ.

ಸ್ವತಂತ್ರ ಭಾರತದಲ್ಲಿ ಜನಮತ ನಡೆದೇ ಇಲ್ಲವೆಂದಲ್ಲ. 1967ರ ಜನವರಿ 16ರಂದು ಗೋವೆಯ ಜನ ಮಹಾರಾಷ್ಟ್ರದೊಡನೆ ವಿಲೀನವಾಗಬೇಕೇ ಬೇಡವೇ ಎಂದು ಮತ ಹಾಕಿ, 34,021 ಮತಗಳ ಅಂತರದಿಂದ ಬೇಡವೆಂದರು. ಅದಕ್ಕಾಗಿ ಸಂಸತ್ತು ಪ್ರತ್ಯೇಕ ಕಾಯಿದೆ ಮಾಡಬೇಕಾಯಿತು. 1978ರಲ್ಲಿ ಜನತಾ ಸರ್ಕಾರ ಸಂವಿಧಾನದ ಮೂಲ ಲಕ್ಷಣಗಳ ತಿದ್ದುಪಡಿಗೆ ಜನಮತ ಕಡ್ಡಾಯವಾಗಬೇಕೆಂಬ ಮಸೂದೆ ತಂದಾಗ ಲೋಕಸಭೆ ಒಪ್ಪಿತು, ರಾಜ್ಯಸಭೆ ಒಪ್ಪಲಿಲ್ಲ. ಅಲ್ಲಿಗೆ ಆ ಮಾತು ನಿಂತಿತು. ಹೀಗಾಗಿ ನಮ್ಮಲ್ಲಿ ಪ್ರಶ್ನೆಗಳೆಲ್ಲ ಅಭ್ಯರ್ಥಿಯ ಹೆಸರಿನ ಹಿಂದೆ ಅಡಗಿಯೇ ಮತಗಟ್ಟೆಗೆ ಹೋಗಬೇಕು.

ಅಡಗಿದ ಪ್ರಶ್ನೆಯನ್ನು ಫಲಿತಾಂಶದಿಂದ ಹೊರತೆಗೆಯುವುದು ಎಷ್ಟು ಕಷ್ಟವೆಂಬುದಕ್ಕೆ ಈ ಸೀಮೆಗಿಂತ ಒಳ್ಳೆಯ ನಿದರ್ಶನ ನನಗೆ ತೋರದು. ಎತ್ತಿನಹೊಳೆಯ ಪ್ರಬಲ ಪ್ರತಿಪಾದಕರಾಗಿದ್ದ ಎಂ. ವೀರಪ್ಪ ಮೊಯಿಲಿಯವರು, ಸ್ವತಃ ದಕ್ಷಿಣ ಕನ್ನಡದ ಮೂಡುಬಿದಿರೆ ಕಡೆಯವರು, 2014ರಲ್ಲಿ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಿಂದ 9,520 ಮತಗಳಿಂದ ಗೆದ್ದರು. ಇದು ಯೋಜನೆಗೆ ಸಿಕ್ಕ ಒಪ್ಪಿಗೆಯೇ? ಎದುರಾಳಿಗಳಾದ ಬಿಜೆಪಿಯ ಬಿ.ಎನ್. ಬಚ್ಚೇಗೌಡರೂ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿಯವರೂ ಹಂಚಿಕೊಂಡ ಮತಗಳು ಮೊಯಿಲಿಯವರ ಮತಗಳಿಗಿಂತ ಬಹಳ ಹೆಚ್ಚಿದ್ದವು. 2019ರಲ್ಲಿ ಅದೇ ಬಚ್ಚೇಗೌಡರು ಮೊಯಿಲಿಯವರನ್ನು ಸುಮಾರು 1.82 ಲಕ್ಷ ಮತಗಳಿಂದ ಸೋಲಿಸಿದರು. ಅದು ಯೋಜನೆಯ ತಿರಸ್ಕಾರವೇ? ದೇಶದುದ್ದಕ್ಕೂ ಬೀಸಿದ ಮೋದಿ ಅಲೆಯಲ್ಲಿ ಹಾಗೆ ಹೇಳುವ ಧೈರ್ಯ ಯಾವ ಸಂಶೋಧಕನಿಗೂ ಬಾರದು.

ಕ್ಷೇತ್ರದ ಗಡಿಯೇ ಇನ್ನೊಂದು ತೊಡಕು. 2008ರ ಮರುವಿಂಗಡಣೆಯ ಪ್ರಕಾರ ಚಿಕ್ಕಬಳ್ಳಾಪುರವೂ ಗೌರಿಬಿದನೂರೂ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲಿವೆ; ಶಿಡ್ಲಘಟ್ಟವೂ ಚಿಂತಾಮಣಿಯೂ ಕೋಲಾರದಲ್ಲಿವೆ. ಒಂದೇ ಜಿಲ್ಲೆ, ಸಾವಿರ ಅಡಿಗೂ ಕೆಳಗಿಳಿದ ಒಂದೇ ಬಗೆಯ ಕೊಳವೆಬಾವಿಗಳು, ಅದೇ ಫ್ಲೋರೈಡ್ ನೀರು. ಆದರೆ ಮತ ಎರಡು ಕಡೆ ಎಣಿಕೆಯಾಗುತ್ತದೆ. ಚಿಕ್ಕಬಳ್ಳಾಪುರ ಕ್ಷೇತ್ರದೊಳಗೋ ಬೆಂಗಳೂರಿನ ಯಲಹಂಕವೂ ಸೇರಿದೆ. ರೇಷ್ಮೆಗೂಡಿನ ಊರಾದ ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಕ್ಕೆ ನೀರು ಕೇಳುವವನ ಮತ, ಅದೇ ಜಿಲ್ಲೆಯ ಗೌರಿಬಿದನೂರಿನ ರೈತನ ಮತದೊಡನೆ ಕೂಡುವುದೇ ಇಲ್ಲ.

ಹಾಗಾದರೆ ರಾಜ್ಯವ್ಯಾಪಿ ಜನಮತ ಇದ್ದಿದ್ದರೆ ಈ ಸೀಮೆಗೆ ನ್ಯಾಯ ಸಿಗುತ್ತಿತ್ತೇ? ಸಿಗುತ್ತಿತ್ತೆಂದು ನಾನೂ ಮೊದಲು ನಂಬಿದ್ದೆ. ಆ ನಂಬಿಕೆಯನ್ನು ಅಲುಗಿಸಿದ್ದು ಕ್ಯಾಲಿಫೋರ್ನಿಯಾದ್ದೇ ಇನ್ನೊಂದು ಪ್ರಕರಣ. 1982ರ ಜೂನ್ 8ರಂದು ಅಲ್ಲಿ 'ಪ್ರೊಪೊಸಿಷನ್ 9' ಮತಕ್ಕೆ ಬಂತು. ಉತ್ತರದ ಸ್ಯಾಕ್ರಮೆಂಟೊ ನದಿಯ ನೀರನ್ನು ಕಾಲುವೆಯಲ್ಲಿ ದಕ್ಷಿಣದ ಒಣ ಪ್ರದೇಶಕ್ಕೆ ಹರಿಸುವ ಯೋಜನೆ ಅದು. ನದಿ ಇದ್ದ ಉತ್ತರದ ಕೌಂಟಿಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮಂದಿ ಬೇಡವೆಂದರು, ರಾಜ್ಯದ ಒಟ್ಟು ಲೆಕ್ಕದಲ್ಲೂ ಯೋಜನೆ ಬಿದ್ದುಹೋಯಿತು. ಎತ್ತಿನಹೊಳೆ ಪ್ರಶ್ನೆಯನ್ನು ಹಾಗೆ ಕೇಳಿದ್ದರೆ ನೇತ್ರಾವತಿಯನ್ನು ನಂಬಿದ ದಕ್ಷಿಣ ಕನ್ನಡದ ಉತ್ತರ ಏನಿರುತ್ತಿತ್ತೆಂದು ಊಹಿಸಲು ಕಷ್ಟವಿಲ್ಲ. ಅಲ್ಲಿನ ಜನ ಬೀದಿಯಲ್ಲಿ ಅದನ್ನು ಹೇಳಿಯೇ ಇದ್ದಾರೆ. ಎಣಿಕೆಯಲ್ಲಿ ಬಾಯಾರಿದವರೇ ಗೆಲ್ಲುತ್ತಾರೆಂಬ ಭರವಸೆ ಇಲ್ಲ.

ಆದರೂ ಕ್ಯಾಲಿಫೋರ್ನಿಯಾದ ಆ ಪದ್ಧತಿಯ ಒಂದು ಅಂಗ ನಮಗೆ ಬೇಕೇಬೇಕು. ಅದು ಮತ ಹಾಕುವುದಲ್ಲ, ಮತಕ್ಕೆ ಮುಂಚೆ ಪ್ರತಿ ಮತದಾರನ ಕೈಗೆ ಬರುವ ಸರ್ಕಾರಿ ಕೈಪಿಡಿ. ಅದರಲ್ಲಿ ಯೋಜನೆಯ ಪಠ್ಯ, ಬೊಕ್ಕಸದ ಮೇಲೆ ಬೀಳುವ ಹೊರೆಯ ಬಗ್ಗೆ ಪಕ್ಷಾತೀತ ವಿಶ್ಲೇಷಕರ ಅಂದಾಜು, ಪರ ವಾದ, ವಿರುದ್ಧ ವಾದ ಎಲ್ಲವೂ ಅಕ್ಕಪಕ್ಕದಲ್ಲಿ ಅಚ್ಚಾಗುತ್ತವೆ. ಎತ್ತಿನಹೊಳೆಗೆ ಇಂಥದೊಂದು ಕೈಪಿಡಿ ಇದ್ದಿದ್ದರೆ ಏನೇನು ಅಚ್ಚಾಗಬೇಕಿತ್ತು? ಸರ್ಕಾರದ ಪ್ರಕಾರ ಸಿಗುವ ನೀರು 24.01 ಟಿಎಂಸಿ, ಅದರಲ್ಲಿ ಕುಡಿಯಲು ಸುಮಾರು 14, ಉಳಿದದ್ದು 527 ಕೆರೆಗಳಿಗೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ ಆ ಹಳ್ಳಗಳ ಒಟ್ಟು ಇಳುವರಿಯೇ 9.55 ಟಿಎಂಸಿ. 2012ರಲ್ಲಿ 8,323 ಕೋಟಿ ಇದ್ದ ವೆಚ್ಚ 2023ರ ಹೊತ್ತಿಗೆ 23,251 ಕೋಟಿ ದಾಟಿತು. 24 ಮತ್ತು 9.55 ಎಂಬ ಎರಡು ಅಂಕಿಗಳು ಒಂದೇ ಪುಟದಲ್ಲಿ ಎದುರುಬದುರಾಗಿ ಚಿಂತಾಮಣಿಯ ಒಬ್ಬ ಟೊಮೆಟೊ ಬೆಳೆಗಾರನ ಮನೆಗೆ ಬಂದಿದ್ದರೆ, ಚುನಾವಣಾ ಸಭೆಗಳಲ್ಲಿ ಅವನು ಕೇಳುವ ಪ್ರಶ್ನೆಯೇ ಬೇರೆಯಾಗುತ್ತಿತ್ತು.

ಪ್ರಶ್ನೆ ಅಚ್ಚಾಗದಿದ್ದಾಗ ಜನ ಅದನ್ನು ರಸ್ತೆಗೆ ತರುತ್ತಾರೆ. ಈ ಮಣ್ಣಿಗೆ ಅದು ಹೊಸದಲ್ಲ: ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ನೆರೆದವರ ಮೇಲೆ ಗುಂಡು ಹಾರಿದಾಗ, ಮೈಸೂರು ಸಂಸ್ಥಾನದ ಪ್ರಜೆಗಳಿಗೆ ಜವಾಬ್ದಾರಿ ಸರ್ಕಾರದ ಬಗ್ಗೆ ಮತ ಹಾಕುವ ದಾರಿ ಇರಲಿಲ್ಲ. 2016ರ ಮಾರ್ಚ್‌ನಲ್ಲಿ ಶಾಶ್ವತ ನೀರಾವರಿಗಾಗಿ ಚಿಕ್ಕಬಳ್ಳಾಪುರ, ಕೋಲಾರದ ರೈತರು ಟ್ರ್ಯಾಕ್ಟರ್‌ಗಳನ್ನೇರಿ ಬೆಂಗಳೂರಿನತ್ತ ಹೊರಟಾಗ ಮತದ ಹಕ್ಕು ಇತ್ತು, ಪ್ರಶ್ನೆಗೆ ಮಾತ್ರ ಜಾಗವಿರಲಿಲ್ಲ.

ನಮ್ಮ ಕಾನೂನಿನಲ್ಲಿ ನೇರ ಜನಮತಕ್ಕೆ ತೀರ ಹತ್ತಿರದ ಜಾಗವೆಂದರೆ ಗ್ರಾಮಸಭೆ. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಪ್ರತಿ ಮತದಾರನೂ ಅದರ ಸದಸ್ಯ. ನಡೆಯುವುದು ಬಹುಪಾಲು ಮನೆ, ಶೌಚಾಲಯದ ಫಲಾನುಭವಿಗಳ ಪಟ್ಟಿಯ ಓದು. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ದಿನಕ್ಕೆ 210 ದಶಲಕ್ಷ ಲೀಟರ್ ನೀರನ್ನು ಈ ಕಡೆಯ ಕೆರೆಗಳಿಗೆ ಹರಿಸುವುದೆಂದು ತೀರ್ಮಾನವಾಗಿದೆ. ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ರೈತರು ಇಂದಿಗೂ ಕೇಳುತ್ತಿದ್ದಾರೆ. ಆ ನೀರು ತುಂಬುವ ಕೆರೆಯ ದಂಡೆಯ ಊರಿನಲ್ಲಿ, ಪ್ರಯೋಗಾಲಯದ ವರದಿಯನ್ನು ಗ್ರಾಮಸಭೆಯಲ್ಲಿ ಎದ್ದುನಿಂತು ಓದಿ, ಈ ನೀರು ನಮ್ಮ ಕೆರೆಗೆ ಬರಬಹುದೇ ಎಂದು ಕೈ ಎತ್ತಿಸಿ ಎಣಿಸಲು ಯಾವ ಸಂವಿಧಾನ ತಿದ್ದುಪಡಿಯೂ ಬೇಕಿಲ್ಲ.