ಮೊಳೆಯಿಂದ ಯೂನಿಕೋಡಿಗೆ

ಕವಿ ಷಡಕ್ಷರದೇವನು ಮಠಾಧಿಪತಿಯಾಗಿದ್ದ ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿದ್ದಿತು. ನೆರೆಯ ಕೊಳ್ಳೇಗಾಲವೂ, ಅಂದು ಅದರ ತಾಲ್ಲೂಕಿನೊಳಗೇ ಇದ್ದ ಹನೂರೂ, 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದುವು. ಆಡಳಿತ ಎರಡಾದರೂ, ಲಗ್ನಪತ್ರಿಕೆಯನ್ನೋ ಚಿಕ್ಕಲ್ಲೂರು ಜಾತ್ರೆಯ ಕರಪತ್ರವನ್ನೋ ಅಚ್ಚು ಹಾಕಿಸಬೇಕಾದವನಿಗೆ ಇದ್ದ ಉಪಾಯ ಒಂದೇ: ಸೀಸದ ಮೊಳೆಗಳನ್ನು ಒಂದೊಂದಾಗಿ ಆಯ್ದು, ಒತ್ತಕ್ಷರಕ್ಕೆ ಬೇರೆ ಮೊಳೆಯನ್ನು ಹುಡುಕಿ, ಸಾಲು ಕಟ್ಟುವ ಜೋಡಣೆ.

1985ರಲ್ಲಿ ಅಮೆರಿಕೆಯಲ್ಲಿ ಹುಟ್ಟಿದ ಪೇಜ್‌ಮೇಕರ್ ಎಂಬ ತಂತ್ರಾಂಶವು ಕಾಲಕ್ರಮದಲ್ಲಿ ನಮ್ಮ ಸಣ್ಣ ಊರುಗಳ ಡಿ.ಟಿ.ಪಿ. ಅಂಗಡಿಗಳಿಗೂ ಇಳಿದು ಬಂದಾಗ, ಮೊಳೆಯ ಸ್ಥಾನವನ್ನು ಕೀಲಿಮಣೆ ಆಕ್ರಮಿಸಿತು. ಕೆ. ಪಿ. ರಾವ್ ಅವರು ರೂಪಿಸಿ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಬಳಕೆಗೆ ಬಂದ ಕೀಲಿಮಣೆ ವಿನ್ಯಾಸದ ಸರಳತೆಯನ್ನು ಎಷ್ಟು ಶ್ಲಾಘಿಸಿದರೂ ಕಡಿಮೆಯೇ. ‘ಕೊಳ್ಳೇಗಾಲ’ ಎಂದು ಬರೆಯಲು ಒಂಬತ್ತು ಒತ್ತುಗಳು ಸಾಕು. ಎರಡು ಳಕಾರಗಳ ನಡುವೆ ‘ಎಫ್’ ಕೀಲಿಯನ್ನು ಒತ್ತಿದರೆ, ಎರಡನೆಯದು ತಾನಾಗಿಯೇ ಮೊದಲನೆಯದರ ಅಡಿಗೆ ಸರಿದು ಕೂರುತ್ತದೆ.

ತೊಡಕು ಅಂತರ್ಜಾಲದೊಡನೆ ಬಂದಿತು. ಹಳೆಯ ನುಡಿ ಫಾಂಟುಗಳು ಇಂಗ್ಲಿಷಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡದ ಅಕ್ಷರಖಂಡಗಳನ್ನು ತುಂಬಿದ್ದುದರಿಂದ, ಮಿಂಚಂಚೆಯಲ್ಲಿ ಕಳುಹಿಸಿದ ಶುದ್ಧ ಕನ್ನಡ ಪಠ್ಯವು ಆ ಫಾಂಟಿಲ್ಲದ ಗಣಕದಲ್ಲಿ ಅರ್ಥಶೂನ್ಯ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತಿದ್ದಿತು. ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಕೇತ ನೀಡುವ ಯೂನಿಕೋಡ್ 1991ರಷ್ಟು ಹಿಂದೆಯೇ ಕನ್ನಡಕ್ಕೆ ಸ್ವಂತ ಸ್ಥಾನವಿತ್ತಿದ್ದರೂ, ಪೇಜ್‌ಮೇಕರ್ ಕೊನೆಯವರೆಗೂ ಅದನ್ನು ಅರಿಯಲಿಲ್ಲ. ಅರಿಯದ ಆ ತಂತ್ರಾಂಶವನ್ನು ನಮ್ಮವರು ಬಿಡಲೂ ಇಲ್ಲ. ಆದುದರಿಂದ ವಿನ್ಯಾಸಕಾರ ಮಿತ್ರರೇ, ಮೂಲಪಠ್ಯವನ್ನು ಯೂನಿಕೋಡಿನಲ್ಲಿ ಕಾಪಿಟ್ಟುಕೊಳ್ಳಿರಿ. ಮುದ್ರಣಕ್ಕೆ ಮಾತ್ರ ಫಾಂಟುಗಳನ್ನು ಒಳಗೊಂಡ ಪಿ.ಡಿ.ಎಫ್. ಕಡತವನ್ನೇ ಕಳುಹಿಸಿರಿ.